ಇಲ್ಲದ ಗೋಲ್‌ಕೀಪರ್‌ಗೆ ನಾನ್ಯಾಕೆ ಫ್ಯಾನ್

(1/6)
ಫೋಟೋದಲ್ಲಿರೋದು ನನ್ನ ಮಾರ್ಕ್ಸ್ ಕಾರ್ಡ್ ಅಲ್ಲ, ಗಾಬರಿ ಆಗ್ಬೇಡಿ. ಅದು ಒಂದು ಹಾಕಿ ಮ್ಯಾಚಿನ ಸ್ಕೋರ್ ಶೀಟ್. ಮೊನ್ನೆ ಕ್ಲಾಸಲ್ಲಿ ಬೆಂಚಿನ ಕೆಳಗೆ ಫೋನ್ ನೋಡ್ತಾ "ಅಯ್ಯೋ, ಹೋಯ್ತು" ಅಂತ ಕೂಗಿಬಿಟ್ಟೆನಲ್ಲ, ಅದು ಇದಕ್ಕೇ. ಮನೇಲಿ ಯಾರಿಗೋ ಏನೋ ಆಗಿದೆ ಅಂತ ಪಕ್ಕದವನು ನನ್ನ ಭುಜ ಹಿಡ್ಕೊಂಡಿದ್ದ. ಪಾಪ.

"27ನೇ ನಂಬರ್ ಗೋಲಿ ಐದು ಗೋಲ್ ಬಿಟ್ಟ" ಅಂದೆ. (ಗೋಲಿ ಅಂದ್ರೆ ಗೋಲ್‌ಕೀಪರ್. ನಾವು ಚಿಕ್ಕೋರಿದ್ದಾಗ ಮಣ್ಣಲ್ಲಿ ಆಡ್ತಿದ್ದ ಗೋಲಿ ಅಲ್ಲ.)
"ಯಾವ ದೇಶದ ಟೀಮು?"
"ಯಾವ ದೇಶದ್ದೂ ಅಲ್ಲ."
"ಆಮೇಲೆ ಆ ಗೋಲಿ ಯಾರು?"
"ಅವನು ಇಲ್ಲವೇ ಇಲ್ಲ ಕಣೋ. ಕಂಪ್ಯೂಟರಲ್ಲಿ ಇದಾನೆ."

ಅವತ್ತಿಂದ ನನ್ನ ಹೆಸರು 27 ಆಗಿದೆ. ಕ್ಯಾಂಟೀನಲ್ಲೂ ಅದೇ, ಬಸ್ಸಲ್ಲೂ ಅದೇ. ಬೇಜಾರೇನಿಲ್ಲ. ಆದ್ರೆ "ಇಲ್ಲದವರಿಗೆ ಕೂಗೋ ಹುಚ್ಚ" ಅಂತ ಗ್ರೂಪಲ್ಲಿ ಸ್ಟಿಕ್ಕರ್ ಮಾಡಿ ಹಾಕಿದೋರಿಗೆ ಒಂದು ಉತ್ತರ ಕೊಡಬೇಕು ಅನ್ನಿಸ್ತು. ಆರು ಪೋಸ್ಟ್ ಆಗುತ್ತೆ. ಓದೋಕೆ ಆಗದೋರು ಲೈಕ್ ಒತ್ತಿ ಮುಂದೆ ಹೋಗಿ.

(2/6)
ಮೊದಲು ಇದು ಏನು ಅಂತ ಹೇಳ್ತೀನಿ. ಬುಕ್ ಕ್ರಿಕೆಟ್ ಆಡಿದೀರಲ್ವಾ? ಸಮಾಜ ಪುಸ್ತಕ ಪಟಕ್ಕನೆ ತೆಗೆದು ಪುಟದ ಕೊನೆ ಅಂಕಿ ನೋಡೋದು, 4 ಬಂದ್ರೆ ಬೌಂಡರಿ, 0 ಬಂದ್ರೆ ಔಟ್. ಆ ಔಟ್ ಆದ "ದ್ರಾವಿಡ್" ಯಾವ ದ್ರಾವಿಡ್? ನಾವು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದ ಹೆಸರು ಅಷ್ಟೇ. ಆದ್ರೂ ಅವನು ಸೊನ್ನೆಗೆ ಹೋದಾಗ ಜಗಳ ಆಡಿಲ್ವಾ, ಬಿಸಿಯೂಟದ ತಟ್ಟೆ ಹಿಡ್ಕೊಂಡು?

ಸಿಮ್ಯುಲೇಷನ್ ಹಾಕಿ ಲೀಗ್ ಅಂದ್ರೆ ಅದರ ದೊಡ್ಡಣ್ಣ. ಐಸ್ ಮೇಲೆ ಆಡೋ ಹಾಕಿ: ಒಂದು ಸಲಕ್ಕೆ ಒಂದು ಕಡೆ ಆರು ಜನ, ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಪೀರಿಯಡ್. ಒಬ್ಬೊಬ್ಬ ಸದಸ್ಯ ಒಬ್ಬೊಬ್ಬ ಆಟಗಾರನನ್ನ ಹುಟ್ಟಿಸ್ತಾನೆ. ಹುಟ್ಟಿದ ಕೂಡಲೇ ದೊಡ್ಡ ಲೀಗ್ ಸಿಗಲ್ಲ, ಜೂನಿಯರ್ ಲೀಗಲ್ಲಿ ಬೆಳೀಬೇಕು. ಆಮೇಲೆ ಡ್ರಾಫ್ಟ್, ಅಂದ್ರೆ ಟೀಮುಗಳು ಸರದಿ ಪ್ರಕಾರ ಹುಡುಗರನ್ನ ಆರಿಸ್ಕೊಳ್ಳೋದು. ಆಟಗಾರ ಬಲಿಯೋದು ಅವನನ್ನ ಹುಟ್ಟಿಸಿದವನ ಕೆಲಸದಿಂದ. ಲೀಗ್ ಬಗ್ಗೆ ಲೇಖನ ಬರೆದ್ರೆ, ಪೋಸ್ಟರ್ ಮಾಡಿದ್ರೆ, ಫಲಿತಾಂಶ ಊಹಿಸಿದ್ರೆ ಅಂಕ. ಆ ಅಂಕವನ್ನ ವೇಗಕ್ಕೆ ಹಾಕ್ಬೇಕಾ, ಶಾಟ್‌ಗೆ ಹಾಕ್ಬೇಕಾ ಅನ್ನೋದು ಅವನಿಷ್ಟ. ಮ್ಯಾಚ್ ಮಾತ್ರ ಯಾರ ಕೈಲೂ ಇಲ್ಲ. ಫ್ರಾಂಚೈಸ್ ಹಾಕಿ ಮ್ಯಾನೇಜರ್ ಥರದ ಒಂದು ಸಾಫ್ಟ್‌ವೇರ್ ಲೆಕ್ಕ ಹಾಕಿ ಫಲಿತಾಂಶ ಉಗುಳುತ್ತೆ. ಕೆಲವು ಸೀಸನ್ ಕಳೆದ್ರೆ ವಯಸ್ಸಾಗುತ್ತೆ, ಕೂಡಿಟ್ಟ ಅಂಕ ಕರಗೋಕೆ ಶುರು. ಒಂದಿನ ನಿವೃತ್ತಿ.

ಟೀಮಿನ ಹೆಸರುಗಳು ಬಫಲೋ ಸ್ಟಾಂಪೀಡ್, ಎಡ್ಮಂಟನ್ ಬ್ಲಿಝರ್ಡ್ ಈ ಥರ. (ಬಫಲೋ ಅಮೆರಿಕದ ಒಂದು ಊರು. ನಮ್ಮಜ್ಜಿ ಎಮ್ಮೆ ಟೀಮಾ ಅಂತ ಕೇಳಿದ್ರು.) ನಾನು ಹಿಡಿದಿರೋ ಟೀಮ್ ಯಾವುದು ಅಂತ ಹೇಳಲ್ಲ. ಟೇಬಲ್ ಕೆಳಗಿದೆ, ಮರ್ಯಾದೆ ಪ್ರಶ್ನೆ.

ಐಸೇ ನೋಡದ ಗುರುಪುರದಲ್ಲಿ ಕೂತು ಐಸ್ ಹಾಕಿ ಏನು ಅಂತ ನಗೋರಿಗೆ: ಕ್ಯಾಂಪಿನ ನನ್ನ ಗೆಳೆಯನಿಗೆ ಹೇಳಿದಾಗ ಅವನೊಬ್ಬನೇ ನಗಲಿಲ್ಲ. ಲಡಾಖ್‌ನಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟಿದ ಮೇಲೆ ಹುಡುಗ ಹುಡುಗಿಯರೆಲ್ಲ ಇದನ್ನೇ ಆಡ್ತಾರೆ, ಇಂಡಿಯಾ ಟೀಮಿಗೂ ಅಲ್ಲಿಂದಲೇ ಜಾಸ್ತಿ ಜನ ಅಂತ ಅವನೇ ನನಗೆ ಹೇಳ್ದ.

(3/6)
ಈಗ ನನ್ನ ವಾದ. ಇಲ್ಲದ ಆಟಗಾರನ್ನ ಫಾಲೋ ಮಾಡೋದು ಹುಚ್ಚು ಅನ್ನೋದಾದ್ರೆ, ಇರೋ ಆಟಗಾರನ್ನ ನಾವು ಇಷ್ಟು ದಿನ ಹೇಗೆ ಫಾಲೋ ಮಾಡ್ತಿದ್ವಿ ಅಂತ ಸ್ವಲ್ಪ ನೋಡೋಣ.

ದುಡ್ಡು ಕಟ್ಟೋ ಫ್ಯಾಂಟಸಿ ಆಪುಗಳು ನೆನಪಿದೆಯಾ? ನೂರು ಕ್ರೆಡಿಟ್‌ನಲ್ಲಿ ಹನ್ನೊಂದು ಜನ, ಕ್ಯಾಪ್ಟನ್‌ಗೆ ಡಬಲ್ ಪಾಯಿಂಟ್, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು. ಸಂಜೆ ಟೀಮ್ ಕಟ್ಟು, ರಾತ್ರಿ ಹನ್ನೊಂದಕ್ಕೆ ಆ ಟೀಮ್ ಸತ್ತುಹೋಯ್ತು. ನಾಳೆ ಬೇರೆ ಹನ್ನೊಂದು. ನಿನ್ನೆ ದೇವರಾಗಿದ್ದವನು ಇವತ್ತು 8.5 ಕ್ರೆಡಿಟ್, "ದುಬಾರಿ, ಬಿಡು". ನನ್ನ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯೋನು, ಎರಡು ಸೀಸನ್ ಹೀಗೇ ಆಡ್ದ. ಹೊಗೆಸೊಪ್ಪು ಮಾರಿ ಬಂದ ದುಡ್ಡಲ್ಲಿ ಮೂವತ್ತೆಂಟು ಸಾವಿರ ಹೋಯ್ತು. ದೊಡ್ಡಪ್ಪ ಬ್ಯಾರನ್‌ಗೆ ಸೌದೆ ಒಟ್ಟಿ, ರಾತ್ರಿ ಎರಡು ಗಂಟೆಗೆ ಎದ್ದು ಕಾವು ನೋಡಿ ಬೇಯಿಸಿದ ಸೊಪ್ಪು ಅದು. ಆ ಮನೇಲಿ ಅವತ್ತು ರಾತ್ರಿ ಯಾರೂ ಬೈಲಿಲ್ಲ. ಯಾರೂ ಊಟಾನೂ ಮಾಡ್ಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಎರಡು ವರ್ಷ ದಿನಾ ಕ್ರಿಕೆಟ್ ನೋಡಿದ ಅಣ್ಣನಿಗೆ ಇಷ್ಟದ ಒಬ್ಬ ಆಟಗಾರನ ಹೆಸರು ಹೇಳು ಅಂದ್ರೆ ಗೊತ್ತಾಗ್ಲಿಲ್ಲ. "ಎಲ್ರೂ ಒಂದೇ ಕಣೋ, ಪಾಯಿಂಟ್ ಕೊಟ್ರೆ ಸಾಕಿತ್ತು" ಅಂದ.

2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆ ತಿದ್ದಿ ಇಂಥ ಆಟ ನಿಲ್ಲಿಸೋಕೆ ನೋಡ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನ ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ಮಾಡ್ತು. ಇ-ಸ್ಪೋರ್ಟ್ಸ್‌ಗೆ, ದುಡ್ಡಿಲ್ಲದ ಆಟಗಳಿಗೆ ಅಡ್ಡಿ ಇಲ್ಲ. ಕಾನೂನು ಸರಿ. ಆದ್ರೆ ಆಟ ನೋಡೋ ಕಣ್ಣು ಒಂದ್ಸಲ ಕೆಟ್ಟ ಮೇಲೆ ಕಾನೂನಿಂದ ರಿಪೇರಿ ಆಗಲ್ಲ.

ನನ್ನ 27 ನನಗೆ ಒಂದು ರೂಪಾಯಿ ಕೊಡಲ್ಲ. ಅದಕ್ಕೇ ಅವನು ಸೋತಾಗ ನನಗೆ ಅವನದ್ದೇ ಚಿಂತೆ, ನನ್ನದಲ್ಲ. ಐದು ಸೀಸನ್ ಆಯ್ತು. ಜೂನಿಯರ್ ಲೀಗಲ್ಲಿ ಬೆಂಚು ಕಾಯ್ತಿದ್ದಾಗಿಂದ ನೋಡಿದೀನಿ. ಈಗ ವಯಸ್ಸಾಗ್ತಿದೆ, ಅವನ ಸೇವ್ ಪರ್ಸೆಂಟೇಜ್ ಇಳೀತಿದೆ. ಆಟಗಾರ ಸುಳ್ಳು, ಸರಿ. ನಾನು ಕಾದಿದ್ದು ಸುಳ್ಳಾ?

(4/6)
"ಸರಿ ಗುರು, ಹಾಕಿನೇ ಬೇಕು ಅಂದ್ರೆ ನಿಜವಾದ ಲೀಗ್ ನೋಡು" ಅಂತ ಸೀನಿಯರ್ ಒಬ್ರು ಕಾಮೆಂಟ್ ಹಾಕಿದ್ರು. ನೋಡಿದೆ ಅಣ್ಣ. ಹಾಕಿ ಇಂಡಿಯಾ ಲೀಗ್ 2017ಕ್ಕೆ ನಿಂತಿತ್ತು, 2024ರ ಡಿಸೆಂಬರ್ ಕೊನೆಗೆ ಮತ್ತೆ ಶುರುವಾಯ್ತು. ಅದಕ್ಕೂ ಮುಂಚೆ ಅಕ್ಟೋಬರಲ್ಲಿ ಹರಾಜು. ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಸೂರ್ಮಾ ಟೀಮಿಗೆ. ಆ ಹರಾಜು ನೋಡ್ತಾ ನಂಗೆ ಕಟ್ಟೆಮಳಲವಾಡಿ ಮಾರ್ಕೆಟ್ಟೇ ಕಣ್ಮುಂದೆ ಬಂತು. ಅಲ್ಲಿ ಬೇಲ್ ಪಕ್ಕ ಅಪ್ಪಂದಿರು ಉಸಿರು ಹಿಡಿದು ನಿಂತಿರ್ತಾರಲ್ಲ, ಹಾಗೆ ಹುಡುಗರು ಟೀವಿ ಮುಂದೆ ಕೂತಿರ್ತಾರೆ. ಬಿಡ್ ಬರದೇ ಉಳಿದವರ ಮುಖ ಮಾತ್ರ ಯಾರೂ ತೋರಿಸಲ್ಲ.

ಗಂಡಸರ ಆ ಲೀಗಲ್ಲಿ ಎಂಟು ಟೀಮ್. ತಮಿಳುನಾಡಿಗೆ ಇದೆ, ಹೈದರಾಬಾದಿಗೆ ಇದೆ. ಕರ್ನಾಟಕಕ್ಕೆ ಇಲ್ಲ. 2013ರಿಂದ 2017ರವರೆಗೆ ನಡೆದಾಗಲೂ ಇರಲಿಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್‌ಗೆ ಆಡಿದ್ರು, ಕೊಡಗಿನ ವಿ.ಆರ್. ರಘುನಾಥ್ ಯು.ಪಿ. ವಿಜಾರ್ಡ್ಸ್‌ಗೆ. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಕರ್ನಾಟಕ ಲಯನ್ಸ್ ಅಂತ ಒಂದಿತ್ತು, ಅರ್ಜುನ್ ಹಾಲಪ್ಪ ಕ್ಯಾಪ್ಟನ್. ಆ ಲೀಗು ಒಂದೇ ಸೀಸನ್‌ಗೆ ಮುಗೀತು. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅಂಥವರನ್ನ ಇಂಡಿಯಾ ಟೀಮಿಗೆ ಕೊಟ್ಟ ಜಿಲ್ಲೆ ನಮ್ಮ ಪಕ್ಕದಲ್ಲೇ ಇದೆ, ಪಂಚವಳ್ಳಿ ದಾಟಿದ್ರೆ ತಿತಿಮತಿ. ನಮ್ಮದು ಅಂತ ಕೂಗೋಕೆ ಲೀಗಲ್ಲಿ ಒಂದು ಹೆಸರಿಲ್ಲ. ಹಾಗಿರುವಾಗ ನಾನು ಎಡ್ಮಂಟನ್‌ಗೆ ಕೂಗಿದ್ರೂ ಒಂದೇ, ರೂರ್ಕೆಲಾಗೆ ಕೂಗಿದ್ರೂ ಒಂದೇ ಅನ್ನಿಸಿದ್ದು ನಿಜ.

ಆದ್ರೆ ತಿತಿಮತಿ ಆಚೆ ಇನ್ನೊಂದು ಲೀಗ್ ಇದೆ, ಹರಾಜಿಲ್ಲದ್ದು. ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಕುಟುಂಬ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360, ಅದು ಗಿನ್ನೆಸ್ ದಾಖಲೆ. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಪ್ರತಿ ಸಲ ಬೇರೆ ಕುಟುಂಬ ನಡೆಸುತ್ತೆ, ಕಪ್‌ಗೆ ಅವರದ್ದೇ ಹೆಸರು. ಒಂದೇ ಟೀಮಲ್ಲಿ ಅಜ್ಜ, ಸೊಸೆ, ಹೈಸ್ಕೂಲ್ ಹುಡುಗ. ಮೊದಲ ರೌಂಡಲ್ಲೇ ಏಳು ಗೋಲ್ ತಿಂದು ಹೋಗೋ ಕುಟುಂಬ ಮುಂದಿನ ವರ್ಷ ಮತ್ತೆ ಬರುತ್ತೆ. ಅಲ್ಲಿ ಮನೆಯೇ ಟೀಮು. ಇದನ್ನ ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯ್ತು.

(5/6)
ಇಲ್ಲಿವರೆಗೆ ಗೆದ್ದೆ ಅಂದ್ಕೊಂಡಿದ್ದೆ. ಈ ಪೋಸ್ಟ್ ಬರೆಯೋಕೆ ಮೂರು ದಿನ ತಗೊಂಡೆ.

ನಮ್ಮ ಕ್ಲಾಸಲ್ಲೇ ಒಬ್ಳು ಹಾಕಿ ಆಡ್ತಾಳೆ. ಹೆಸರು ಹಾಕ್ಬೇಡ ಅಂದಿದಾಳೆ. ಡಿಫೆಂಡರ್. ಹೋದ ಟರ್ಮಲ್ಲಿ ಒಂದೂವರೆ ತಿಂಗಳು ಕ್ಲಾಸಿಗೆ ಬರಲಿಲ್ಲ. ನಾನು ನೋಟ್ಸ್ ಕೊಡು ಅಂತ ಅವಳಿಗೆ ಮೆಸೇಜ್ ಮಾಡಿದ್ದೆ, ಯಾಕೆ ಬಂದಿಲ್ಲ ಅಂತ ಕೇಳಿರಲಿಲ್ಲ. ಮೊದಲ ಮೂರು ಪೋಸ್ಟ್ ಹಾಕಿದ ದಿನ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿ ಹೇಳಿದ್ಳು: "ಚೆನ್ನಾಗಿ ಬರ್ದಿದೀಯ. ನಿನ್ನ 27ಕ್ಕೆ ಮೊಣಕಾಲು ನೋವಾದ್ರೆ ಆ ದಿನವೇ ಗೊತ್ತಾಗುತ್ತೆ ನಿಂಗೆ. ನನ್ ಕಾಲಿಗೆ ಪ್ಲಾಸ್ಟರ್ ಹಾಕಿದ್ದು ಗೊತ್ತಾ?"

ಗೊತ್ತಿರಲಿಲ್ಲ.

ಪೆನಾಲ್ಟಿ ಕಾರ್ನರ್‌ನಲ್ಲಿ ಮುಂದೆ ಓಡಿದವಳಿಗೆ ಬಾಲ್ ನೇರ ಕಣಕಾಲಿಗೆ ಬಡಿದಿತ್ತಂತೆ. ಆ ಮ್ಯಾಚ್ ನೋಡೋಕೆ ಬಂದಿದ್ದವರು ಎದುರು ಟೀಮಿನ ಇಬ್ಬರು ಅಮ್ಮಂದಿರು, ಪಿ.ಟಿ. ಮೇಷ್ಟ್ರು, ಒಂದು ಐಸ್‌ಕ್ಯಾಂಡಿ ಗಾಡಿ. ಅವಳು ಎಷ್ಟು ಬಾಲ್ ತಡೆದ್ಲು ಅಂತ ಯಾರೂ ಬರೆದಿಟ್ಟಿಲ್ಲ. ಗೆದ್ರಾ ಸೋತ್ರಾ ಅಂತ ಕಾಲೇಜ್ ಬೋರ್ಡಲ್ಲೂ ಬರಲಿಲ್ಲ. "ನಾವು ಆಡಿದ್ದಕ್ಕೆ ಸಾಕ್ಷಿ ಅಂದ್ರೆ ನನ್ನ ಎಕ್ಸ್‌ರೇ ಒಂದೇ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಕಂಪ್ಯೂಟರ್ ಗೋಲಿಯ ಐದು ಸೀಸನ್ ಲೆಕ್ಕ ನನಗೆ ಬಾಯಿಪಾಠ. ಎರಡು ಬೆಂಚು ಮುಂದೆ ಕೂರೋಳು ಯಾವ ಪೊಸಿಷನ್ ಆಡ್ತಾಳೆ ಅನ್ನೋದೇ ಗೊತ್ತಿರಲಿಲ್ಲ. ಅಣ್ಣನಿಗೆ ಆಟಗಾರರು ಪಾಯಿಂಟ್ ಆಗಿದ್ರು ಅಂತ ಮೂರನೇ ಪೋಸ್ಟಲ್ಲಿ ದೊಡ್ಡದಾಗಿ ಬರೆದೆನಲ್ಲ, ನಾನೇನು ಕಮ್ಮಿ?

ಹಾಗಂತ ಸಿಮ್ ಲೀಗ್ ಬಿಡ್ತೀನಿ ಅಂತ ನಾಟಕ ಮಾಡಲ್ಲ. ಬಿಡಲ್ಲ. ಒಂದು ಟೀಮನ್ನ ಕೆಳಗಿದ್ದಾಗಲೂ ಹಿಡ್ಕೊಂಡಿರೋದು, ಸೋತ ಮ್ಯಾಚನ್ನೂ ಪೂರ್ತಿ ಓದೋದು, ಒಬ್ಬನ ವಯಸ್ಸನ್ನ ಅವನ ಜೊತೆ ಎಣಿಸೋದು, ಇದೆಲ್ಲ ನಾನು ಕಲಿತಿದ್ದು ಅಲ್ಲೇ. ಇನ್ನೊಂದೂ ಕಲ್ತೆ. ಅಲ್ಲಿ ಆಟಗಾರ ಬಲಿಯೋದು ಯಾರೋ ಕೂತು ಬರೆಯೋದ್ರಿಂದ. ಯಾರೂ ಬರೀದಿದ್ರೆ ಅವನು ಎಷ್ಟೇ ಚೆನ್ನಾಗಿ ಹುಟ್ಟಿದ್ರೂ ಅಲ್ಲೇ ನಿಲ್ತಾನೆ. ನಮ್ಮ ಕಾಲೇಜ್ ಟೀಮಿಗೆ ಆಗಿರೋದೂ ಅದೇ.

(6/6)
ಈ ಫೋಟೋದಲ್ಲಿರೋದು ನೂರು ಪೇಜಿನ ಲಾಂಗ್ ನೋಟ್‌ಬುಕ್. ಹೋದ ಶನಿವಾರ ಶುರು ಮಾಡಿದ್ದು. ಎಡಗಡೆ ನಮ್ಮ ಹುಡುಗೀರ ಹನ್ನೊಂದು ನಂಬರ್, ಬಲಗಡೆ ಕ್ವಾರ್ಟರ್ ಪ್ರಕಾರ ನಾಲ್ಕು ಕಾಲಂ. ಗೋಲ್, ಪೆನಾಲ್ಟಿ ಕಾರ್ನರ್, ತಡೆದದ್ದು, ಕಾರ್ಡ್. "ತಡೆದದ್ದು" ಕಾಲಂ ಅವಳು ಹೇಳಿದ್ದಕ್ಕೆ ಸೇರಿಸಿದ್ದು, ಡಿಫೆಂಡರ್‌ಗಳ ಕೆಲಸ ಯಾವ ಲೆಕ್ಕದಲ್ಲೂ ಬರಲ್ಲ ಅಂತ ಅವಳಿಗೆ ಸಿಟ್ಟು. ಮೊದಲ ಮ್ಯಾಚಲ್ಲೇ ಎರಡು ತಪ್ಪು ಮಾಡಿದೀನಿ, 6ನ್ನ 9 ಅಂತ ಬರೆದು ಬೈಸ್ಕೊಂಡೆ. 1-3 ಸೋತ್ವಿ. ನಮ್ಮ ಗೋಲ್‌ಕೀಪರ್ ಹನ್ನೊಂದು ಹೊಡೆತದಲ್ಲಿ ಎಂಟು ತಡೆದಿದಾಳೆ. ಮನೆಗೆ ಬಂದು ಲೆಕ್ಕ ಹಾಕಿದ್ರೆ ಶೇಕಡಾ 73 ಹತ್ರ. ಅದನ್ನ ಅವಳಿಗೆ ಕಳಿಸ್ದೆ. "ಇದು ನಂದಾ?" ಅಂತ ಮೂರು ಸಲ ಕೇಳಿದ್ಳು.

ಮುಂದಿನ ಮ್ಯಾಚ್ ಈ ಶನಿವಾರ ಸಂಜೆ ನಾಲ್ಕಕ್ಕೆ, ಹುಣಸೂರಲ್ಲಿ. ಕಣಕಾಲು ಸರಿಯಾಗಿದೆ, ಅವಳು ಆಡ್ತಾಳೆ. ಗುರುಪುರ ಕಡೆಯಿಂದ ಬರೋರು ಎರಡೂವರೆ ಬಸ್ಸಿಗೆ ನನ್ನ ಜೊತೆ ಬನ್ನಿ, ಟಿಕೆಟ್ ಅವರವರದ್ದು, ಹುಡುಗೀರು ಆಧಾರ್ ಮರೀಬೇಡಿ, ಫ್ರೀ. ಅಣ್ಣನೂ ಬರ್ತೀನಿ ಅಂದಿದಾನೆ, ನಂಬರ್ ಕೂಗಿ ಹೇಳೋ ಕೆಲಸ ಅವನಿಗೆ. ಅದೇ ದಿನ ರಾತ್ರಿ 27ರದ್ದೂ ಮ್ಯಾಚಿದೆ, ಬಹುಶಃ ಅವನ ಕೊನೇ ಸೀಸನ್ನು. ಮನೆಗೆ ಬಂದು ನೋಡ್ಕೋತೀನಿ.

ಬರೋರು ಒಂದು ಪೆನ್ನು ತನ್ನಿ. ಹೋದ ಸಲ ಮೂರನೇ ಕ್ವಾರ್ಟರಲ್ಲಿ ನನ್ನದು ಕೈ ಕೊಡ್ತು.

#ಗುರುಪುರ #ಹುಣಸೂರು #ಹಾಕಿ #ನಂಬರ್27