ಪಥ್ಯ ಹಿಡಿದ ನಗರ

ಮನುಷ್ಯನು ಪಥ್ಯ ಹಿಡಿಯುವುದು ಹೊಸತಲ್ಲ. ನಗರವೊಂದು ಪಥ್ಯ ಹಿಡಿದುದುಂಟೆ? 2007ರ ಕೊನೆಯ ದಿನ ಅಮೆರಿಕದ ಓಕ್ಲಹೋಮ ಸಿಟಿಯ ಮೇಯರ್ ಮಿಕ್ ಕಾರ್ನೆಟ್ ಅವರು ಮೃಗಶಾಲೆಯ ಆನೆಗಳೆದುರು ನಿಂತು, ತಮ್ಮ ಊರು 10 ಲಕ್ಷ ಪೌಂಡು, ಎಂದರೆ ಸುಮಾರು 4.5 ಲಕ್ಷ ಕಿಲೋಗ್ರಾಂ ತೂಕವನ್ನು ಇಳಿಸಬೇಕೆಂದು ಸಾರಿದರು. ಸ್ಥೂಲಕಾಯರ ಪಟ್ಟಿಯಲ್ಲಿ ಅವರೂ ಇದ್ದವರೇ. ಸುಮಾರು 47,000 ಮಂದಿ ಹೆಸರು ಬರೆಸಿದರು. 2012ರ ಜನವರಿಯಲ್ಲಿ ಗುರಿ ಮುಟ್ಟಿತು. ಜನರು ತಾವಾಗಿ ಒಪ್ಪಿಸಿದ ಲೆಕ್ಕವಾದುದರಿಂದ ಅದನ್ನು ತಕ್ಕಡಿಯ ಮಾತೆಂದು ಪೂರ್ತಿ ನಂಬಬೇಕಾಗಿಲ್ಲ.

ನಮಗೆ ಮುಖ್ಯವೆಂದು ತೋರುವುದು ಬೇರೊಂದು ಸಂಗತಿ. ಸುಮಾರು 1,600 ಚದರ ಕಿಲೋಮೀಟರು ಹರಡಿರುವ ತಮ್ಮ ಊರನ್ನು ಮನುಷ್ಯರಿಗಾಗಿ ಅಲ್ಲ, ಕಾರುಗಳಿಗಾಗಿ ಕಟ್ಟಲಾಗಿದೆ ಎಂಬುದು ಈ ಪಥ್ಯದ ನಡುವೆ ಮೇಯರರಿಗೆ ಹೊಳೆಯಿತು. 2009ರ ಡಿಸೆಂಬರಿನಲ್ಲಿ ಪೌರರು ಮತವಿತ್ತು, ಡಾಲರಿಗೆ ಒಂದು ಸೆಂಟಿನ ಮಾರಾಟ ತೆರಿಗೆಯನ್ನು ತಮ್ಮ ಮೇಲೆ ತಾವೇ ಹೊತ್ತುಕೊಂಡರು. 77.7 ಕೋಟಿ ಡಾಲರಿನ ಆ ಯೋಜನೆಯಲ್ಲಿ ಕಾಲುದಾರಿಗಳು, ಸೈಕಲ್ ಹಾದಿಗಳು, ವೃದ್ಧರ ಆರೋಗ್ಯ ಕೇಂದ್ರಗಳು, ಊರ ನಡುವೆ 70 ಎಕರೆಯ ಉದ್ಯಾನ ಎಲ್ಲವೂ ಸೇರಿದ್ದವು. (ದೊಡ್ಡದೊಂದು ಸಮ್ಮೇಳನ ಭವನವೂ ಸೇರಿತ್ತೆನ್ನಿ, ರಾಜಕಾರಣಿಗಳಿಗೂ ಹಸಿವುಂಟಷ್ಟೆ!) ಉದ್ಯಾನದ ಮೊದಲ ಭಾಗ ತೆರೆದುದು 2019ರಲ್ಲಿ. ಜನರ ಪಥ್ಯಕ್ಕೆ ನಾಲ್ಕು ವರ್ಷ ಹಿಡಿದರೆ, ಊರಿನ ಪಥ್ಯಕ್ಕೆ ಹತ್ತು ವರ್ಷ ಹಿಡಿಯಿತು.

ನಡಿಗೆಯಿಂದ ಕೊಬ್ಬು ಬೇಗನೆ ಕರಗೀತೆಂದು ವಾಚಕರು ಭ್ರಮಿಸಬಾರದು. ದೇಹದಲ್ಲಿ ಶೇಖರವಾದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. 60 ಕಿಲೋಗ್ರಾಂ ತೂಕದವರು ಒಂದು ಕಿಲೋಮೀಟರು ನಡೆದರೆ ವ್ಯಯವಾಗುವುದು ಸುಮಾರು 50 ಮಾತ್ರ. ಕಾಲೇಜಿಗೆ ಎರಡು ಕಿಲೋಮೀಟರು ನಡೆದು ಹೋಗಿ ನಡೆದೇ ಮರಳಿದವನ ಗಳಿಕೆಯನ್ನೆಲ್ಲ ಒಂದು ಮಸಾಲೆ ದೋಸೆ ಹತ್ತು ನಿಮಿಷದಲ್ಲಿ ನುಂಗಿಬಿಡುತ್ತದೆ. ಆದರೂ ಆ 200 ಕಿಲೋಕ್ಯಾಲೊರಿಗಳ ಹೆಚ್ಚಳ ಇರುವುದು ಅವು ದಿನವೂ, ಯಾವ ಸಂಕಲ್ಪವನ್ನೂ ಬೇಡದೆ ವ್ಯಯವಾಗುವುದರಲ್ಲಿ. ವ್ಯಾಯಾಮಶಾಲೆಗೆ ಹೋಗಲು ಪ್ರತಿದಿನ ಮನಸ್ಸನ್ನು ಹುರಿಗೊಳಿಸಬೇಕು. ಬಸ್ ನಿಲ್ದಾಣಕ್ಕೆ ನಡೆಯಲು ಬೇಕಾದುದು ಸುರಕ್ಷಿತವಾದ ದಾರಿ.

ದಪ್ಪಗಿರುವವನನ್ನು ಸೋಮಾರಿಯೆಂದು ಜರೆಯುವುದು ನಮ್ಮಲ್ಲಿ ಸುಲಭ. ಅವನು ನಡೆಯಲೆಂದು ಹೊರಟರೆ ಏನು ಕಾದಿದೆ? ಕಾಲುದಾರಿಯ ಮೇಲೆ ವಿದ್ಯುತ್ ಪೆಟ್ಟಿಗೆ, ಅದರಾಚೆ ಮುರಿದ ಚಪ್ಪಡಿ, ಅದರಾಚೆ ನಿಲ್ಲಿಸಿದ ಸ್ಕೂಟರು. ರಸ್ತೆಯನ್ನು ಅಗಲಿಸುವಾಗ ಮೊದಲು ಬಲಿಯಾಗುವುದೂ ಕಾಲುದಾರಿಯೇ. ನಗರಸಭೆಯ ಆಯವ್ಯಯ ಪಟ್ಟಿ ಕೈಗೆ ಸಿಕ್ಕಾಗ, ಮೇಲ್ಸೇತುವೆಗೆಷ್ಟು, ಕಾಲುದಾರಿಗೆಷ್ಟು ಎಂದು ವಿದ್ಯಾರ್ಥಿಗಳು ಒಮ್ಮೆ ಕೂಡಿಸಿ ನೋಡಲಿ.