ಗೌಡ್ತಿ ಅಲ್ಲ, ಬಿ ಟೀಮು, ಅನರ್ಹ

2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಪ್ರಣಾಳಿಕೆಗಿಂತ ಅಡ್ಡಹೆಸರುಗಳೇ ಹೆಚ್ಚು ಓಡಾಡಿದವು. ಪಕ್ಷೇತರ ಅಭ್ಯರ್ಥಿ ಸುಮಲತಾ ಪರ ಊರೂರು ಸುತ್ತಿದ ನಟರಾದ ದರ್ಶನ್ ಮತ್ತು ಯಶ್ 'ಜೋಡೆತ್ತು' ಆದರು. ಎದುರಾಳಿಗಳ ಬಾಯಲ್ಲಿ ಅವರೇ 'ಕಳ್ಳೆತ್ತು'. ಪೈರು ಮೇಯುವ ಎತ್ತಿನ ಕಾಟ ಬಲ್ಲ ರೈತರ ನಾಡಿನಲ್ಲಿ ಇದು ಬಹಳ ಚುರುಕಾಗಿ ತಾಕುವ ಬೈಗುಳ. ಜೆಡಿಎಸ್ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿಯವರನ್ನೂ ಜನ 'ಎಲ್ಲಿದ್ದೀಯಪ್ಪ' ಎಂದು ಆಡಿಕೊಂಡರು.

ಇಷ್ಟನ್ನು ಚುನಾವಣೆಯ ಗದ್ದಲವೆಂದು ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿತ್ತು. ಸುಮಲತಾ ಮಂಡ್ಯದ ಗೌಡ್ತಿ ಅಲ್ಲ, ಆಂಧ್ರದ ನಾಯ್ಡು ಎಂಬ ಮಾತು ವೇದಿಕೆಗಳಿಂದ ಬಂತು. ಅವರ ಪತಿ, ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ತೀರಿಕೊಂಡಿದ್ದು 2018ರ ನವೆಂಬರ್‌ನಲ್ಲಿ. ಕೆಲವೇ ತಿಂಗಳಲ್ಲಿ ಸುಮಲತಾ ಅವರ ವೈಧವ್ಯವೂ ಭಾಷಣದ ವಸ್ತುವಾಯಿತು. ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನ ಜೆಡಿಎಸ್ ಕೈಯಲ್ಲಿದ್ದವು. ಆದರೂ ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು.

ಹೆಸರಿಟ್ಟು ಹೊಡೆಯುವ ಚಾಳಿ ಹಳೆಯದು. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ 'ಟೋರಿ' ಎಂದರೆ ಐರ್ಲೆಂಡಿನ ದರೋಡೆಕೋರ. ಎದುರಾಳಿಗಳು ಅಂಟಿಸಿದ ಆ ಹೆಸರನ್ನೇ ಒಂದು ಪಕ್ಷ ಹೆಮ್ಮೆಯಿಂದ ಹೊತ್ತುಕೊಂಡಿತು. ನಮ್ಮ ಎಸ್. ನಿಜಲಿಂಗಪ್ಪ ಅವರಿಗೆ ಆ ಅದೃಷ್ಟವಿರಲಿಲ್ಲ. ಏಕೀಕರಣಕ್ಕೆ ದುಡಿದ, 1956ರಲ್ಲಿ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಹಿರಿಯರು, 1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ವಿರೋಧಿ ಬಣಕ್ಕೆ ಬಿದ್ದ 'ಸಿಂಡಿಕೇಟ್' ಎಂಬ ಒಂದೇ ಪದದೊಳಗೆ ಸಿಕ್ಕಿಬಿದ್ದರು. ಇಂದಿರಾ ಬಣಕ್ಕೆ 'ಇಂಡಿಕೇಟ್' ಎಂಬ ಮರುಹೆಸರು ಬಿತ್ತಾದರೂ ನಿಲ್ಲಲಿಲ್ಲ. ಆ ಜಗಳದಲ್ಲಿ ಹಳೆಯ ಕಾಂಗ್ರೆಸ್ಸಿನ ಚಿಹ್ನೆಯಾಗಿದ್ದ ನಿಜವಾದ ಜೋಡೆತ್ತೂ ಕಳೆದುಹೋಯಿತು.

ನಡತೆಯನ್ನು ಹಿಡಿದ ಹೆಸರಿಗೆ ಉತ್ತರ ಕೊಡಬಹುದು, ಜನ ತೂಗಿ ನೋಡಬಹುದು. 2018ರ ಪ್ರಚಾರದಲ್ಲಿ ರಾಹುಲ್ ಗಾಂಧಿ ಜೆಡಿಎಸ್ ಅನ್ನು ಬಿಜೆಪಿಯ 'ಬಿ ಟೀಮ್' ಎಂದರು. ಫಲಿತಾಂಶ ಬಂದ ಕೂಡಲೇ ಕಾಂಗ್ರೆಸ್, ಜೆಡಿಎಸ್ ಎರಡೂ ಸೇರಿ ಸರ್ಕಾರ ಮಾಡಿದವು. 2023ರಲ್ಲಿ ಜೆಡಿಎಸ್ ಬಿಜೆಪಿಯ ಕೂಟಕ್ಕೇ ಸೇರಿತು. ಕೆ.ಆರ್.ಪೇಟೆಯ ನಾರಾಯಣಗೌಡರು 2019ರಲ್ಲಿ ಹದಿನೇಳು 'ಅನರ್ಹ' ಶಾಸಕರಲ್ಲಿ ಒಬ್ಬರು. ಅದು ಸ್ಪೀಕರ್ ಆದೇಶದ ಪದ, ಬೀದಿಯಲ್ಲಿ ಬೈಗುಳವಾಯಿತು. ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರು ಗೆದ್ದು, ಜಿಲ್ಲೆಯಲ್ಲಿ ಬಿಜೆಪಿಯ ಖಾತೆ ತೆರೆದರು. ಹೊಗಳಿಕೆಯೋ ತೆಗಳಿಕೆಯೋ, ತೀರ್ಪು ಮತದಾರರದ್ದಾಯಿತು.

'ಗೌಡ್ತಿ ಅಲ್ಲ' ಎಂಬ ಮಾತಿಗೆ ಅಂಥ ಉತ್ತರವಿಲ್ಲ. ಹುಟ್ಟನ್ನು ಯಾರೂ ಬದಲಿಸಲಾರರು, ಅದು ಅವರ ತಪ್ಪೂ ಅಲ್ಲ. ಮದುವೆಯಾಗಿ ಈ ಜಿಲ್ಲೆಗೆ ಬಂದ ಪ್ರತಿ ಹೆಣ್ಣುಮಗಳಿಗೂ ಅದು ತಾಕುತ್ತದೆ. 2024ರಲ್ಲಿ ಸುಮಲತಾ ಬಿಜೆಪಿ ಸೇರಿದರು, ಬಿಜೆಪಿ-ಜೆಡಿಎಸ್ ಮೈತ್ರಿ ಅಭ್ಯರ್ಥಿ ಎಚ್.ಡಿ. ಕುಮಾರಸ್ವಾಮಿ ಮಂಡ್ಯದಿಂದ ಗೆದ್ದರು. ನಾಯಕರು ಒಂದಾದರು, ಆಡಿದ ಮಾತು ಮಾತ್ರ ಊರಲ್ಲೇ ಉಳಿಯಿತು. ಮುಂದಿನ ಚುನಾವಣೆಯಲ್ಲಿ ಯಾವ ಪಕ್ಷದವರೇ ಆಗಲಿ ಜಾತಿ, ತವರು, ವೈಧವ್ಯ ಹಿಡಿದು ಹೆಸರಿಟ್ಟರೆ, ಮದ್ದೂರು, ಮಳವಳ್ಳಿಯ ಜನ ಸಭೆಯಲ್ಲೇ ಎದ್ದು ತಡೆಯಬೇಕು.