ಹಸಿರು ಜೇನಾಗುವ ಹೊತ್ತು

ತಿಕೋಟಾದ ನಮ್ಮ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಲು ಹದಿನೈದು ದಿನವಾದರೂ ಬೇಕು. ರಾತ್ರಿ ಕಾವಲಿಗೆ ಕೂತಾಗ ನಾನು ಮೊಬೈಲಿನಲ್ಲಿ ಚಿತ್ರ ಬರೆಯುತ್ತೇನೆ. ಬಲೆಯ ಮೇಲೆ ಹರವಿದ ತಿಳಿಹಸಿರು ಹಣ್ಣು ನಿಧಾನಕ್ಕೆ ಜೇನುಬಣ್ಣಕ್ಕೆ ತಿರುಗುತ್ತದೆ. ಆ ನಡುವಿನ ಬಣ್ಣ ಹಿಡಿಯಲು ಹಸಿರು ಪದರದ ಮೇಲೆ ಹಳದಿಯ ತೆಳು ಪದರ ಎಳೆದು, ಅರ್ಧ ಒರೆಸುತ್ತೇನೆ. ತಪ್ಪಿದರೆ ಆ ಪದರವೊಂದನ್ನೇ ತೆಗೆದರಾಯಿತು, ಕೆಳಗಿನ ಚಿತ್ರಕ್ಕೆ ಏನೂ ಆಗದು. ದರ, ಸಾಲ, ಅಕಾಲಿಕ ಮಳೆ ಯಾವುದೂ ಆ ಒಂದು ತಾಸು ನೆನಪಾಗುವುದಿಲ್ಲ.

ಮೊಬೈಲ್ ಹಿಡಿದ ಮಕ್ಕಳನ್ನೆಲ್ಲ ಬೈಯುವುದು ಸರಿಯಲ್ಲ. ಬಬಲೇಶ್ವರದಲ್ಲಿ ಓದುವ ತಂಗಿಯ ಮಗಳನ್ನು ಕುಮಟಗಿಗೆ ಕರೆದೊಯ್ದಿದ್ದೆ. ಅಲ್ಲಿರುವ ಆದಿಲಶಾಹಿಗಳ ಬೇಸಿಗೆ ಮಂಟಪದ ಗೋಡೆಯಲ್ಲಿ ಕುದುರೆ ಏರಿ ಚೆಂಡಾಡುವವರ ಚಿತ್ರ ಮಸುಕಾಗಿದೆ. ಮನೆಗೆ ಬಂದು ಮೊಬೈಲಿನಲ್ಲಿ ಅದನ್ನೇ ಬರೆದಳು. ‘ಮಾಮಾ, ಕುದುರಿ ಬಣ್ಣ ಹಿಂಗ ಇತ್ತೇನ್ರಿ?’ ಎಂದು ಮೂರು ಕಂದು ಬಣ್ಣ ತೋರಿಸಿದಳು.

ಚಿತ್ರಕಲೆಯನ್ನು ಅಷ್ಟು ಪ್ರೀತಿಸಿದ ಎರಡನೇ ಇಬ್ರಾಹಿಂ ಆದಿಲಶಾಹನ ಊರು ನಮ್ಮ ವಿಜಯಪುರ. ಇಲ್ಲಿನ ಗ್ರಂಥಾಲಯಗಳಲ್ಲಿ ಒಂದೆರಡು ಕಂಪ್ಯೂಟರಿಗೆ ಪೆನ್ ಟ್ಯಾಬ್ಲೆಟ್ ಜೋಡಿಸಲಿ. ಚಿತ್ರ ಬರೆಯುವ ‘ಕ್ರಿತಾ’ದಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಬಹುಮಾನ, ಸ್ಪರ್ಧೆ ಮಾತ್ರ ಬೇಡ. ಸಂಜೆ ಬಂದವರು ಸುಮ್ಮನೆ ಕೂತು ಬರೆಯಲಿ.